ಅಂಚು ತಿರುವುವ ಕೈ

ಹಳೇನಗರ, ಭದ್ರಾವತಿ
೧೪ ನವೆಂಬರ್ ೨೦೨೪

ಮಗಳೇ ಅಮೂಲ್ಯ,

ನಿನ್ನೆ ಫೋನ್ ಕಟ್ಟಾಯಿತಲ್ಲ, ಆಗ ನಾನು ಆ ಗೋರಿಗಳ ವಿಷಯಕ್ಕೇ ಬರುತ್ತಿದ್ದೆ. ಅದಿರಲಿ, ನೆಗಡಿ ಹೇಗಿದೆ? ಮೆಕ್ಸಿಕೋದ ಆ ಬೆಟ್ಟದೂರಿನಲ್ಲಿ ಚಳಿ ಜಾಸ್ತಿ ಎಂದು ನೀನೇ ಹೇಳಿದೆ. ಕಿವಿಗೆ ಬಟ್ಟೆ ಕಟ್ಟಿಕೋ. ನನ್ನ ಮಂಡಿನೋವು ಹಾಗೇ ಇದೆ, ಅದೇನು ಹೊಸ ಸುದ್ದಿಯಲ್ಲ.

ಇನ್ನೂರು ವರ್ಷದ ಹಿಂದೆ ಇಂಗ್ಲೆಂಡಿನ ಕಾರ್ನ್‌ವಾಲಿನಿಂದ ಗಣಿ ಕೆಲಸಗಾರರು ಉಗಿಯಂತ್ರ ಸಾಗಿಸಿಕೊಂಡು ಅಲ್ಲಿಯ ಬೆಳ್ಳಿಗಣಿಗೆ ಬಂದರು, ಅಲ್ಲೇ ಮಣ್ಣಾದರು, ಗೋರಿಗಳು ಮಾತ್ರ ಇಂಗ್ಲೆಂಡಿನ ಕಡೆ ಮುಖ ಮಾಡಿವೆ ಎಂದೆಯಲ್ಲ. ಅದೇ ತಲೆಯಲ್ಲಿ ಕೂತಿದೆ. ನೀನು ಆ ಯಂತ್ರಗಳ ಅಧ್ಯಯನಕ್ಕೆ ಎರಡು ವರ್ಷಕ್ಕೆಂದು ಹೋದವಳು. ಅಲ್ಲಿಯ ಇಗ್ನಾಸಿಯೊನನ್ನು ಮದುವೆಯಾಗಲೇ ಅಪ್ಪಾ ಎಂದು ಕೇಳಿ ಮೂರು ತಿಂಗಳಾಯಿತು. ಪ್ರತಿ ಸಲ ನಾನು ಮಳೆ, ಮಂಡಿ ಅಂತ ಮಾತು ತೇಲಿಸಿದೆ. ನಿನ್ನ ಮುಖವೂ ಕೊನೆತನಕ ಇತ್ತಲೇ ತಿರುಗಿರುತ್ತದೇನೋ ಎಂಬ ಭಯ, ಇನ್ನೇನಲ್ಲ.

ಆ ಹುಡುಗನಿಗೇ ಇಂಗ್ಲಿಷಿನಲ್ಲಿ ಬರೆಯೋಣವೆಂದು ಕೂತೆ. ‘ರೆಸ್ಪೆಕ್ಟೆಡ್ ಸರ್, ಐ ಬೆಗ್ ಟು ಸ್ಟೇಟ್’ ಆದಮೇಲೆ ಕಾಲೇಜಿನ ಇಂಗ್ಲಿಷು ಮುಗಿಯಿತು. ಕಾರ್ಖಾನೆಗೆ ಕೊಟ್ಟ ರಜಾ ಅರ್ಜಿಯಂತಿತ್ತು, ಹರಿದೆ.

ಆಮೇಲೆ ನೀನು ಕಳಿಸಿದ ಫೋಟೊ ನೋಡುತ್ತ ಕೂತೆ, ಅವನ ತಾಯಿ ಪಾಸ್ತೆ ಮಾಡುತ್ತಿರುವುದು. ಆ ಗಣಿಯವರು ತಂದ, ಹಿಟ್ಟಿನ ಹಾಳೆ ಮಡಚಿ ಮಾಡುವ ತಿಂಡಿ, ಈಗ ಊರಿನದೇ ಆಗಿಹೋಗಿದೆ ಎಂದು ನೀನು ಹೇಳಿದ್ದೆ. ಒಳಗೆ ಏನು ತುಂಬಿದ್ದಾರೆಂದು ನಾನು ಕೇಳುವುದಿಲ್ಲ. ಮುಖ ಕಾಣದು, ಎರಡು ಕೈ ಮಾತ್ರ. ಹೆಬ್ಬೆರಳಿನಿಂದ ಒತ್ತಿ ಒತ್ತಿ ಅಂಚನ್ನು ಜಡೆಯಂತೆ ತಿರುವಿದ್ದಾರೆ. ಒಂದು ಕ್ಷಣ ನಿನ್ನ ಅಮ್ಮನ ಕೈಯೇ ಅಂದುಕೊಂಡೆ. ಕರ್ಜಿಕಾಯಿ ಮಾಡುವಾಗ ಉಮಾ ನಿನಗೆ ಹೇಳುತ್ತಿದ್ದಳಲ್ಲ, ‘ಅಂಚು ಬಿಟ್ರೆ ಹೂರಣ ಎಲ್ಲ ಎಣ್ಣೆಗೆ ಹೋಗುತ್ತೆ, ನಿಧಾನ ಮಾಡು ಮಾರಾಯ್ತಿ.’ ಅವಳು ಹೋಗಿ ಆರು ವರ್ಷ. ಮೊನ್ನೆ ಶಿವಮೊಗ್ಗಕ್ಕೆ ಹೋದಾಗ ಗಾಂಧಿ ಬಜಾರಿನಲ್ಲಿ ಕೊಬ್ಬರಿ ತಂದು ನಾನೇ ಮಾಡಿದೆ. ನಾಲ್ಕರಲ್ಲಿ ಮೂರು ಬಾಯಿ ಬಿಟ್ಟವು. ನಾಲ್ಕನೆಯದನ್ನು ಅವಳ ಫೋಟೊ ಮುಂದಿಟ್ಟೆ.

ಇನ್ನೂ ಬರೆಯುವುದಿತ್ತು. ಬೆಳಕು ಇಳಿಯುತ್ತಿದೆ, ಗೆರೆ ಸರಿಯಾಗಿ ಕಾಣುತ್ತಿಲ್ಲ. ಶಿವ ನಿನ್ನನ್ನು ಚೆನ್ನಾಗಿಟ್ಟಿರಲಿ. ಆ ತಾಯಿಗೆ ನನ್ನ ಶರಣು ತಿಳಿಸು.

ನಿನ್ನ ಅಪ್ಪ,
ಓಂಕಾರಪ್ಪ

ಮರೆತೆ: ಮದುವೆಗೆ ನನ್ನ ಒಪ್ಪಿಗೆ ಇದೆ. ಅವನ ತಾಯಿಗೆ ನಿನ್ನ ಅಮ್ಮನ ಕರ್ಜಿಕಾಯಿ ಕಲಿಸು. ಮನೆ ಮಾಡುವಾಗ ಒಂದು ಕಿಟಕಿ ಮಾತ್ರ ಇತ್ತ ಕಡೆ ಇರಲಿ.