ಗಾಯವಿಲ್ಲದ ಮೀನುಗಳು

೧೪ ಡಿಸೆಂಬರ್ ೧೯೯೬, ಶನಿವಾರ
ನರಿಕೊಂಬು

ಅಝೀಮ್ ಮಾಮ ಇವತ್ತು ಊಟಕ್ಕೇ ಕೂರಲಿಲ್ಲ.

ಅವರ ಕೆರೆಯ ಕಾಟ್ಲಾ ಮೀನುಗಳಿಗೆ ಮೈತುಂಬ ಕೆಂಪು ಹುಣ್ಣು. ಗಾಯವಿಲ್ಲದವನ್ನು ಬೇರೆ ತೊಟ್ಟಿಯಲ್ಲಿಟ್ಟು ಮಕ್ಕಳ ಹಾಗೆ ನೋಡಿಕೊಳ್ಳುತ್ತಿದ್ದರು. ಎರಡೂ ಕಡೆಯ ಮೀನನ್ನು ಮೂಡುಬಿದಿರೆಯ ನಮ್ಮ ಲ್ಯಾಬಿಗೆ ಒಯ್ದು ಬ್ಯಾಕ್ಟೀರಿಯಾ ಬೆಳೆಸಿ ನೋಡಿದೆ. ಬೇರೆ ಬೇರೆ ಬರಲಿ ಎಂಬ ಆಸೆಯಿಂದ ಪರೀಕ್ಷೆಗಳನ್ನು ಮತ್ತೊಮ್ಮೆ ಮಾಡಿದೆ. ಎರಡರಲ್ಲೂ ಹುಣ್ಣು ತರುವ ಅದೇ ಬ್ಯಾಕ್ಟೀರಿಯಾ, ಏರೋಮೊನಾಸ್.

ಬೆಳಿಗ್ಗೆ ಮಾಮನಿಗೆ ಹೇಳಿದೆ. "ತೊಟ್ಟಿಯ ಮೀನಿನಲ್ಲೂ ಅದೇ ಉಂಟು ಮಾಮ."

"ಅದೇ ಉಂಟಾ?" ಎಂದು ತೊಟ್ಟಿಯ ಕಡೆ ತಿರುಗಿದರು.

ಆ ಬ್ಯಾಕ್ಟೀರಿಯಾ ನೀರಲ್ಲಿ ಯಾವಾಗಲೂ ಇರುತ್ತದೆ, ಮೀನು ಸೊರಗಿದಾಗ ಮಾತ್ರ ರೋಗವಾಗುತ್ತದೆ ಎಂದು ಹೇಳುವುದಿತ್ತು. ಅಷ್ಟರಲ್ಲಿ ಸಾಲಿಹಾ ಮಾಮಿ ಒಳಗಿಂದ ಕರೆದರು, ಹೋದೆ. ತಿರುಗಿ ಬರುವಾಗ ಮಾಮ ತೊಟ್ಟಿಯ ಮೀನನ್ನೆಲ್ಲ ಸತ್ತ ಮೀನಿನ ಗುಂಡಿಗೆ ಸುರಿದು ಮೇಲೆ ಸುಣ್ಣ ಹಾಕುತ್ತಿದ್ದರು.

"ಇವು ಬದುಕುತ್ತಿದ್ದವು ಮಾಮ."

"ನೀನೇ ಅಲ್ವಾ ಹೇಳಿದ್ದು?" ಸ್ವರದಲ್ಲಿ ಸಿಟ್ಟಿರಲಿಲ್ಲ. ಸುಣ್ಣದ ಹಾರೆ ಕೆಳಗಿಟ್ಟರು.

ಅಲುಗುತ್ತಿದ್ದ ಒಂದನ್ನು ಎತ್ತಿಕೊಂಡು ಕೆರೆಗೆ ಓಡಿದೆ. ದಾರಿಯಲ್ಲೇ ಅದರ ಬಾಯಿ ಅಲುಗುವುದು ನಿಂತಿತು. ಬೆಳಿಗ್ಗೆ ಅಲ್ಲೇ ನಿಂತು ಎರಡು ಮಾತು ಹೆಚ್ಚು ಹೇಳಿದ್ದರೆ…