ಕೀಮೋಗೆ ಮುಂಚಿನ ಸೂಜಿ

ಬ್ಯಾಡಗಿ
೧೧ ಫೆಬ್ರುವರಿ ೨೦೨೫

ತಮ್ಮ ಸೋಮಣ್ಣನಿಗೆ ಅಕ್ಕನ ಆಶೀರ್ವಾದ.

ನೀನು ಫೋನ್ ಎತ್ತಿದ್ದರೆ ನನಗೆ ಪೆನ್ನು ಹಿಡಿಯುವ ಈ ಶಿಕ್ಷೆ ತಪ್ಪುತ್ತಿತ್ತು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳಿಂದ ಹಾಳೆ ತುಂಬಿಸುತ್ತಿದ್ದೀ. ಅಕ್ಷರ ಸೊಟ್ಟಗಿದ್ದರೆ ನೀನೇ ನೆಟ್ಟಗೆ ಮಾಡಿ ಓದಿಕೋ.

ಕಳೆದ ವಾರ ನಿನ್ನ ಮಗ ವೀರೇಂದ್ರ ನಿಮ್ಮ ಮೇಡ್ಲೇರಿಯಿಂದ ಒಂದು ಚೀಲ ತಂದು ನಮ್ಮ ಕಟ್ಟೆಯ ಮೇಲಿಟ್ಟು, ಚಹಾ ಸಹ ಕುಡಿಯದೆ ಓಡಿದ. ಬಿಚ್ಚಿದರೆ ನನ್ನ ಸೀರೆ. ನನ್ನ ಮಗ ಸುನೀಲಕುಮಾರನಿಗೆಂದು ನಿನ್ನ ಮಗಳು ಭುವನಾಗೆ ಉಡಿ ತುಂಬಿ ಕೊಟ್ಟದ್ದು. ಸಂಬಂಧ ಮುರಿದಿದ್ದೀ ಎಂದು ತಿಳಿಯಿತು, ಯಾಕೆಂದು ತಿಳಿಯಲಿಲ್ಲ. ಹಾವೇರಿಗೆ ಹೋಗಿ ಭುವನಾಳ ಬಾಡಿಗೆ ರೂಮಿನ ಬಾಗಿಲು ಬಡಿದೆ. ಕುತ್ತಿಗೆಯ ಗಂಟು ತೋರಿಸಿ ಎಲ್ಲ ಹೇಳಿದಳು.

ಮಗಳಿಗೆ ಕ್ಯಾನ್ಸರ್ ಎಂದು ಒಡಹುಟ್ಟಿದವಳಿಗೆ ಹೇಳಲಿಲ್ಲ, ಯಾಕೆಂದರೆ ನಾನು ನಾಳೆಯ ಬೀಗತಿ. ಇರಲಿ. ಕೀಮೋದಿಂದ ಅಂಡಾಶಯ ಕೆಟ್ಟು ಮುಂದೆ ಮಕ್ಕಳಾಗದೆ ಹೋಗಬಹುದು, ಮೊದಲೇ ತತ್ತಿ ತೆಗೆದು ಥಂಡಿಯಲ್ಲಿಡೋಣ ಎಂದು ಹುಬ್ಬಳ್ಳಿಯ ಡಾಕ್ಟರಮ್ಮ ಹೇಳಿದರೆ ನೀನು, "ಲಗ್ನ ಆಗದ ಹುಡುಗಿನ್ನ ಬಸರಿ ಬಾಣಂತ್ಯಾರ ದವಾಖಾನಿಗೆ ಕರಕೊಂಡು ಹೋದ್ರ ಮಂದಿ ಏನಂದಾರ್ರಿ? ಮೊದಲ ಜೀವಾ ಉಳಸ್ರಿ" ಎಂದೆಯಂತೆ. ಮಕ್ಕಳಾಗದವಳನ್ನು ಅಕ್ಕನ ಮನೆಗೆ ಹೇಗೆ ಕಳಿಸಲಿ ಎಂದು ಸೀರೆ ತಿರುಗಿಸಿದೆ. ಮಕ್ಕಳಾಗುವವಳೇ ಬೇಕೆಂದು ನಿನಗೆ ಹೇಳಿದವರು ಯಾರು?

ನಾನೂ ಹೋಗಿ ವಿಚಾರಿಸಿದೆ. ಡಾಕ್ಟರಮ್ಮ ಸಣ್ಣ ವಯಸ್ಸಿನವಳು, ನನ್ನ ದನಿಗೆ ಹೆದರಲಿಲ್ಲ. "ಅಮ್ಮಾರ, ಈಕಿ ಜಡ್ಡಿಗೆ ಎರಡು ವಾರ ತಡದ್ರ ಏನೂ ಆಗಂಗಿಲ್ರಿ. ಕೀಮೋ ಸುರು ಆದ ಮ್ಯಾಲ ಬಂದ್ರ ನನ್ನ ಕೈಯಾಗ ಏನೂ ಇರಂಗಿಲ್ಲ" ಎಂದಳು. ಇಟ್ಟ ತತ್ತಿಯಿಂದ ಕೂಸು ಆಗೇ ಆಗುತ್ತದೆ ಎಂದು ಮಾತು ಕೊಡುವುದಿಲ್ಲವಂತೆ. ಕೊಡಬೇಡ, ಇಡು ಎಂದೆ.

ನಮ್ಮೂರ ಮೆಣಸಿನಕಾಯಿ ಚೀಲ ಇಡುವ ಕೋಲ್ಡ್ ಸ್ಟೋರೇಜಿನಂಥದೇ ಇರಬೇಕು, ವರ್ಷ ಕಳೆದರೆ ಬಣ್ಣ ಇಳಿಯುವುದಿಲ್ಲವೇ ಎಂದು ಮನೆಗೆ ಬಂದು ಕೇಳಿದೆ. ಭುವನಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅತ್ತಿ, ನನ್ನ ತತ್ತಿ ಮೆಣಸಿನಕಾಯಿ ಜೋಡಿ ಮಾರ್ಕೆಟ್ಟಿನ ಟೆಂಡರಿಗೆ ಹಚ್ಚಬ್ಯಾಡ ಮತ್ತ" ಎಂದಳು.

ಹೌದು, ಅವಳು ನನ್ನ ಮನೆಯಲ್ಲಿದ್ದಾಳೆ. ತತ್ತಿ ಬೆಳೆಸುವ ಸೂಜಿ ಶುರುವಾಗಿ ನಾಲ್ಕು ದಿನವಾಯಿತು. ಇಪ್ಪತ್ನಾಲ್ಕು ತುಂಬಿದವಳಿಗೆ ಅಪ್ಪನ ಸಹಿ ಬೇಕಿಲ್ಲ, ತಾನೇ ಮಾಡಿದಳು. ಹದಿನೆಂಟಕ್ಕೆ, ಮಂಗಳವಾರ, ಹುಬ್ಬಳ್ಳಿಯಲ್ಲಿ ತತ್ತಿ ತೆಗೆಯುತ್ತಾರೆ. ಆಮೇಲೆ ಕೀಮೋ. ಹುಡುಗಿ ಅಳುವುದಿಲ್ಲ. ಆದರೆ ಅಂಗಳದಲ್ಲಿ ಗಾಡಿ ನಿಂತ ಸಪ್ಪಳವಾದರೆ ನೀನು ಬಂದೆಯೇನೋ ಎಂದು ಎದ್ದು ನೋಡುತ್ತಾಳೆ.

ನಿನ್ನ ಅಕ್ಕ,
ಸಿದ್ದವ್ವ

ತಾ.ಕ.: ಒಂದು ಮಾತು ಮೇಲೆ ಬರೆಯಲಿಲ್ಲ. ಸುನೀಲಕುಮಾರನನ್ನು ಮಾಡಿಕೊಳ್ಳಲು ಭುವನಾಗೆ ಮನಸ್ಸಿಲ್ಲ. ಜಡ್ಡು ಬರುವ ಮೊದಲೂ ಇರಲಿಲ್ಲವಂತೆ, ನಿನ್ನ ಅಂಜಿಕೆಗೆ ಉಡಿ ಒಡ್ಡಿದಳಂತೆ. ನಿನ್ನೆ ಸೂಜಿ ಮಾಡಿಸಿಕೊಂಡು ಬರುವಾಗ ಬಸ್ಸಿನಲ್ಲಿ ಹೇಳಿದಳು. ನಾನು ಎದ್ದು ಬೇರೆ ಸೀಟಿಗೆ ಹೋಗಿ ಕುಳಿತೆ. ಇವತ್ತಿನ ಸೂಜಿಗೆ ನಾನೇ ಕರೆದುಕೊಂಡು ಹೋಗಿದ್ದೆ. ತತ್ತಿ ಅವಳವು. ಮಂಗಳವಾರ ಹುಬ್ಬಳ್ಳಿಗೆ ಬರುತ್ತೀಯೋ ಇಲ್ಲವೋ, ಹದಿನಾರರ ರವಿವಾರದೊಳಗೆ ಹೇಳು.