ಮೇಲಿನ ಬಾಗಿಲು ಮೊದಲು

ರಾಮಪ್ಪ ಕಾಕಾ,

ಜಗತ್ತಿನ ಹವಾಮಾನ ಸಮ್ಮೇಳನಗಳಲ್ಲಿ ಕೊಟ್ಟ ಮಾತುಗಳು ಇವು: ಕಲ್ಲಿದ್ದಲು, ಎಣ್ಣೆ ತೆಗೆಯುವುದನ್ನು ಬಿಡುವುದರಲ್ಲಿ ಸಿರಿವಂತ ದೇಶಗಳು ಮುಂದಿರುತ್ತವೆ. ಬಡ ದೇಶಗಳಿಗೆ ಹಣ ಕೊಡುತ್ತವೆ. ಗಣಿ ಮುಚ್ಚಿದಲ್ಲಿ ದುಡಿಯುವವರಿಗೆ ಬೇರೆ ಕೆಲಸ ಸಿಗುತ್ತದೆ. ಆಗಿದ್ದು: ಆ ಸಿರಿವಂತ ದೇಶಗಳೇ ಹೊಸ ಎಣ್ಣೆಬಾವಿ ತೋಡುತ್ತಿವೆ. ಹಣ ಬಹುಪಾಲು ಸಾಲವಾಗಿ ಬಂತು. ಬೇರೆ ಕೆಲಸ ಭಾಷಣದಲ್ಲೇ ಉಳಿಯಿತು.

ಮೂಡಲಗಿ ಕಡೆಯ ನಮ್ಮ ಕಾಲುವೆಯಲ್ಲಿ ನೀರು ಇಳಿದ ಆ ಬೇಸಿಗೆ ನೆನಪಿದೆಯೇ? ರೈತರ ಸಂಘ ತೂಬಿನ ಬಾಗಿಲುಗಳ ಕೀಲಿಯನ್ನು ನನ್ನ ಕೈಗೆ ಕೊಟ್ಟಿತ್ತು. ಸಮಾನತೆ ಎಂದು ಬೀಗುತ್ತ ಎಲ್ಲ ಬಾಗಿಲುಗಳನ್ನೂ ಒಂದೇ ದಿನ ಹಾಕಿದೆ. ಮೇಲಿನವರ ಕಬ್ಬು ಆಗಲೇ ಎರಡು ಸಲ ನೀರುಂಡಿತ್ತು. ಕಾಲುವೆಯ ಕೊನೆಯಲ್ಲಿದ್ದ ಗಂಗವ್ವನ ಗೋವಿನಜೋಳಕ್ಕೆ ಹನಿಯೂ ತಲುಪಿರಲಿಲ್ಲ. ಅವಳ ಹೊಲದ ಬದುವಿನ ಮೇಲೆ ನನ್ನನ್ನು ನಿಲ್ಲಿಸಿ ಬೈದಿರಿ: "ಶಾಣ್ಯಾ, ಉಂಡವನ ಗಂಗಾಳ, ಉಪವಾಸ ಕುಂತಾಕಿ ಗಂಗಾಳ ಎರಡೂ ಒಮ್ಮಿಗೆ ಕಸಗೊಂಡು ನ್ಯಾಯ ಅಂತೀಯೇನ?" ಅಂದಿನಿಂದ ನಮ್ಮಲ್ಲಿ ಮೇಲಿನ ಬಾಗಿಲು ಮೊದಲು ಬೀಳುತ್ತದೆ. ಆ ಬೈಗುಳ ಮಾತ್ರ ಇನ್ನೂ...

ಮೊನ್ನೆ ಗೋಕಾಕಿನಲ್ಲಿ ನಡೆದ ಸಂಘದ ಸಭೆಯಲ್ಲಿ ಅದು ಮತ್ತೆ ಕಿವಿಯಲ್ಲಿ ಮೊಳಗಿತು. ಜಗತ್ತಿನ ಹವಾಮಾನ ಸಮ್ಮೇಳನಕ್ಕೆ ಸಂಘ ಒಂದು ಪತ್ರ ಕಳಿಸಬೇಕಿದೆ. ಕರಡು ಬರೆದ ವಕೀಲರು, ಎಲ್ಲ ದೇಶಗಳೂ ಒಂದೇ ದಿನ ಗಣಿ, ಎಣ್ಣೆಬಾವಿ ಮುಚ್ಚಲಿ ಎಂದಿದ್ದರು. ನಾನು ಎದ್ದು ನನ್ನ ತಪ್ಪನ್ನೇ ಹೇಳಿದೆ.

"ತೂಬಿನ ಕಥಿ ಹೇಳಿ ಜಗತ್ತ ನಡಸವ್ರೇನ್ರಿ?" ವಕೀಲರು ನಕ್ಕರು.

ಹಿಂದಿನ ಸಾಲಿನಿಂದ ಗಂಗವ್ವ ಎದ್ದಳು. "ನಗಬ್ಯಾಡ್ರಿ ವಕೀಲ್ ಸಾಹೇಬ್ರ. ಒಣಗಿದ್ದು ನನ್ನ ಹೊಲ, ನಿಮ್ದಲ್ಲ."

ವಕೀಲರು ಕರಡನ್ನು ನನ್ನ ಮುಂದೆ ಸರಿಸಿದರು.

ಕರಡಿಗೆ ಎರಡು ಸಾಲು ಸೇರಿಸಿದ್ದೇನೆ. ಮೊದಲು ತೋಡಿ ಮೈ ಬೆಳೆಸಿದ ದೇಶಗಳು ಮೊದಲು ನಿಲ್ಲಿಸಲಿ, ಹಿಂದೆ ಬರುವವರಿಗೆ ಹಣ ಕೊಡಲಿ, ಸಾಲ ಅಲ್ಲ. ಎರಡನೆಯದು ನಮ್ಮವರಿಗೇ ಚುಚ್ಚಿದೆ: ನಮ್ಮ ದೇಶವೂ ತನ್ನ ಪಾಳಿಯ ದಿನವನ್ನು ಈಗಲೇ ಬರೆದುಕೊಡಲಿ. ಇಲ್ಲದಿದ್ದರೆ ನಮ್ಮ ಗಣಿಧಣಿಗಳು ಗಂಗವ್ವನ ಸೆರಗಿನ ಹಿಂದೆ ಅಡಗಿ ಅಗೆಯುತ್ತಲೇ ಇರುತ್ತಾರೆ. ಕಾಕಾ, ನಮ್ಮ ಕಾಲುವೆಯಲ್ಲಿ ನಿಮ್ಮ ಪಾಳಿ ಬಂದಾಗ, ಯಾರೂ ಕೇಳುವ ಮೊದಲೇ, ನಿಮ್ಮ ಬಾಗಿಲನ್ನು ನೀವೇ ಹಾಕಿರಲಿಲ್ಲವೇ?

ಕರಡನ್ನು ಸಂಘ ಈಗ ಮತಕ್ಕೆ ಹಾಕಲಿದೆ. "ಎರಡನೇ ಸಾಲು ತಗಿ, ಮತಾ ನಿನಗ" ಎನ್ನುತ್ತಾರೆ ಕೆಲವರು. ತೆಗೆಯುವುದಿಲ್ಲ ಕಾಕಾ. ಸೋತರೆ ಎರಡೂ ಸಾಲುಗಳ ಜೊತೆಗೇ ಸೋಲುತ್ತೇನೆ.

ನಿಮಗೆ ಗೊತ್ತಿಲ್ಲದ ಸುದ್ದಿಯೊಂದಿದೆ. ನೀವು ಕಣ್ಣು ಮುಚ್ಚಿದ ಮೇಲೆ ಗಂಗವ್ವ ಅಕ್ಷರ ಕಲಿತಳು. ಆ ಎರಡು ಸಾಲುಗಳನ್ನು ಸಭೆಗೆ ಓದುವವಳು ಅವಳೇ. ಮತ ಹಾಕುವುದು ಘೋಡಗೇರಿಯಲ್ಲಿ, ಬರುವ ರವಿವಾರ, ಮುಂಜಾನೆ ಹತ್ತು ಗಂಟೆಗೆ.